ಹಲಸಿನ ಹಪ್ಪಳ ಒತ್ತುವಾಗ ಏನು ಕೇಳೋಣ? ಏಳು ಜನ ಹೆಂಗಸರು, ಒಂದೇ ಸ್ಪೀಕರ್

ಸೊಳೆಹಪ್ಪಳ_ಸಾಗರ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಪಾಡ್‌ಕಾಸ್ಟ್ (ಫೋನಿನಲ್ಲಿ ಬೇಕಾದಾಗ ಹಾಕಿಕೊಂಡು ಕೇಳುವ ರೇಡಿಯೋ ಥರದ ಕಾರ್ಯಕ್ರಮ) ಕೇಳುವ ಅಭ್ಯಾಸ ಇರುವವರಿಂದ ಒಂದು ಸಲಹೆ ಬೇಕಿತ್ತು.

ನಮ್ಮದು ಸಾಗರದ ಹತ್ತಿರ ಒಂದು ಹಳ್ಳಿ. ಹಲಸಿನಕಾಯಿ ಬಲಿತ ಮೇಲೆ ಮಳೆ ಹಿಡಿಯುವವರೆಗೆ ನಮ್ಮ ಮನೆ ಹಿಂದಿನ ಮಾಡಿನಲ್ಲಿ ಏಳು ಜನ ಸೇರಿ ಹಪ್ಪಳ ಮಾಡ್ತೇವೆ. ಸ್ವಲ್ಪ ಮನೆಗೆ, ಉಳಿದದ್ದು ಮಾರಾಟಕ್ಕೆ. ತಿಂಡಿ ಕೆಲಸ ಮುಗಿಸಿ ಬಂದವರು ಸಂಜೆ ನಾಲ್ಕರ ತನಕ ಇರ್ತಾರೆ. ಕೈಗೆ ಬಿಡುವಿಲ್ಲ, ಕಿವಿಗೆ ಕೆಲಸವೇ ಇಲ್ಲ. ಹೋದ ವರ್ಷ ಯಾರದೋ ಫೋನಿನಲ್ಲಿ ರೀಲ್ಸ್ ಓಡ್ತಿತ್ತು. ಅರ್ಧ ನಿಮಿಷಕ್ಕೊಂದು ಸಲ ಹಿಟ್ಟಿನ ಬೆರಳಲ್ಲಿ ಸ್ಕ್ರೀನ್ ತಳ್ಳಬೇಕು. ಸೀಸನ್ ಮುಗಿದ ಮೇಲೂ ಆ ಫೋನಿಗೆ ಕೊತ್ತಂಬರಿ ವಾಸನೆ ಇತ್ತು.

ಈ ಸಲ ಒಂದು ಬ್ಲೂಟೂತ್ ಸ್ಪೀಕರ್ ತಂದಿದ್ದೇನೆ. ಈಗ ಇರುವ ತಕರಾರು ಅದರಲ್ಲಿ ಏನು ಹಾಕುವುದು ಅಂತ. ನಮ್ಮ ದೊಡ್ಡತ್ತೆಗೆ ಎಪ್ಪತ್ತು ದಾಟಿದೆ, ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಕೂತು ಹಾಡು-ಮಾತಿನಲ್ಲೇ ನಡೆಸುವ ಯಕ್ಷಗಾನ) ಬಿಟ್ಟು ಬೇರೆ ಎಲ್ಲ ಅವರಿಗೆ ಗದ್ದಲ. ಅಂಗನವಾಡಿಯಿಂದ ರಿಟೈರಾದ ಟೀಚರ್ ಒಬ್ಬರು ಬರ್ತಾರೆ, ಅವರಿಗೆ ಸಕ್ಕರೆ ಕಾಯಿಲೆ, ಆರೋಗ್ಯದ ವಿಷಯ ಬೇಕು. ನನ್ನ ನಾದಿನಿ ಸ್ವಸಹಾಯ ಸಂಘದ ಲೆಕ್ಕ ನೋಡಿಕೊಳ್ಳುವವಳು, ಎಸ್‌ಐಪಿ (ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಹೂಡುವುದು), ಮ್ಯೂಚುವಲ್ ಫಂಡು ಅಂತ ತಲೆ ತಿಂತಾಳೆ. ಪಕ್ಕದ ಮನೆಯವರಿಗೆ ಕೊಲೆ, ಪೊಲೀಸು, ಕೋರ್ಟು. ಇನ್ನೊಬ್ಬರು ಹಾವೇರಿ ಕಡೆಯಿಂದ ಮದುವೆಯಾಗಿ ಬಂದವರು. ತೋಟ ಪೂರ್ತಿ ಅವರೇ ನೋಡಿಕೊಳ್ಳೋದು, ಅಡಿಕೆಗೆ ಎಲೆಚುಕ್ಕಿ ರೋಗ ಬಂದಾಗಿನಿಂದ ಅವರಿಗೆ ಬೇರೆ ಮಾತೇ ಇಲ್ಲ. ಡಿಗ್ರಿ ಮುಗಿಸಿದ ಹುಡುಗಿ ಒಬ್ಬಳಿದ್ದಾಳೆ, ಪಿಡಿಒ ಪರೀಕ್ಷೆಗೆ ಓದ್ತಿದ್ದಾಳೆ, ಇಂಗ್ಲಿಷ್ ಕಿವಿಗೆ ಬೀಳಬೇಕು ಅನ್ನೋದು ಅವಳ ಆಸೆ. ನನಗೆ ಊರೂರು ತಿರುಗಿದವರ ಕತೆ ಇದ್ದರೆ ಸಾಕು, ನಾನಂತೂ ತಿರುಗಿಲ್ಲ.

ಫೋನಿನಲ್ಲಿ ‘ಮಹಿಳೆಯರಿಗಾಗಿ ಪಾಡ್‌ಕಾಸ್ಟ್’ ಅಂತ ಹುಡುಕಿದೆ. ಮುಖದ ಕಾಂತಿ, ತೂಕ ಇಳಿಸುವುದು, ಅತ್ತೆಯನ್ನು ಗೆಲ್ಲುವುದು ಹೇಗೆ, ಮತ್ತೆ ‘ಸಾಧಕಿಯೊಂದಿಗೆ ಸಂವಾದ’. ಕೊನೆಯದನ್ನು ಹಾಕಿದೆ, ಸಾಧಕಿಯವರು ಬಾಯಿ ತೆರೆಯುವ ಮೊದಲೇ ಒಂದು ಕುಕ್ಕರ್ ಬೆಂದಿತ್ತು.

ಎಲ್ಲರಿಗೂ ಒಪ್ಪಿಗೆಯಾಗುವಂಥದ್ದು ಯಾವುದಾದರೂ ಇದೆಯಾ? ಕನ್ನಡದ್ದಾದರೆ ಒಳ್ಳೆಯದು.

---

ನೇರಳೆ_ಮಾರ್ಗ (ಬೆಂಗಳೂರು):

ದಿನಾ ಮೆಟ್ರೋದಲ್ಲಿ ಎರಡು ಗಂಟೆ ಕಳೆಯುವ ನನ್ನ ಪಟ್ಟಿ ತಗೊಳ್ಳಿ. ನಾದಿನಿಗೆ ‘ಪೈಸಾ ವೈಸಾ’: ಹೂಡಿಕೆ, ವಿಮೆ, ತೆರಿಗೆ ಎಲ್ಲ ಬರುತ್ತೆ, ಆದರೆ ಇಂಗ್ಲಿಷ್. ಪಕ್ಕದ ಮನೆಯವರಿಗೆ ‘ಸೀರಿಯಲ್’, 2014ರ ಮೊದಲ ಸರಣಿ. ಅಮೆರಿಕದ ಬಾಲ್ಟಿಮೋರ್‌ನಲ್ಲಿ 1999ರಲ್ಲಿ ಕೊಲೆಯಾದ ಒಬ್ಬ ಹೈಸ್ಕೂಲ್ ಹುಡುಗಿಯ ಕೇಸನ್ನ 12 ಕಂತಲ್ಲಿ ಬಿಡಿಸ್ತಾ ಹೋಗ್ತಾರೆ. ಪಾಡ್‌ಕಾಸ್ಟ್ ಅಂದ್ರೇನು ಅಂತ ಜಗತ್ತಿಗೆ ಗೊತ್ತಾಗಿದ್ದೇ ಅದರಿಂದ ಅನ್ನಬಹುದು. ನಿಮಗೆ ‘ದಿ ಮುಸಾಫಿರ್ ಸ್ಟೋರೀಸ್’, ಭಾರತದೊಳಗಿನ ಪ್ರವಾಸದ ಕತೆಗಳು. ಕನ್ನಡದಲ್ಲಿ ‘ತಲೆ-ಹರಟೆ’ ಇದೆ, 2018ರಿಂದ, ಅರ್ಥಶಾಸ್ತ್ರದಿಂದ ಹಿಡಿದು ಊಟದವರೆಗೆ ಉದ್ದುದ್ದ ಹರಟೆ.

ಎಲ್ಲರಿಗೂ ಒಪ್ಪುವ ಒಂದೇ ಒಂದು? ನನ್ನ ಆಫೀಸಲ್ಲಿ ನಾಲ್ಕು ಜನ ಹುಡುಗಿಯರಿಗೇ ಒಂದು ಸಿಗಲಿಲ್ಲ, ಆಲ್ ದಿ ಬೆಸ್ಟ್. ಒಬ್ಬೊಬ್ಬರಿಗೆ ಒಂದೊಂದು ಇಯರ್‌ಫೋನ್ ಕೊಟ್ಟುಬಿಡಿ, ಜಗಳವೇ ಇಲ್ಲ.

---

ಸೊಳೆಹಪ್ಪಳ_ಸಾಗರ:

ಇಯರ್‌ಫೋನ್ ಆಗುವುದಿಲ್ಲ. ಅಂಗಳದಲ್ಲಿ ಚಾಪೆ ಮೇಲೆ ಹಪ್ಪಳ ಒಣಗ್ತಿರುತ್ತದೆ. ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಯಾವಾಗ ಅಂತ ಹೇಳಲಿಕ್ಕಾಗಲ್ಲ, ಏಳು ಜನರೂ ಒಟ್ಟಿಗೆ ಕೇಳಿಸಿಕೊಂಡು ಓಡಬೇಕು. ಅದಲ್ಲದೆ ಏಳು ಜನ ಸೇರಿ ಮಾಡೋದೇ ಮಾತಾಡಲಿಕ್ಕೆ, ಕಿವಿ ಮುಚ್ಚಿಕೊಂಡು ಕೂರುವುದಾದರೆ ಅವರವರ ಮನೆಯಲ್ಲೇ ಮಾಡಬಹುದಲ್ಲ. ಪಟ್ಟಿಗೆ ಥ್ಯಾಂಕ್ಸ್.

---

ಮೈಕಿನ_ಮುಂದ (ಧಾರವಾಡ):

ನಮಸ್ಕಾರ್ರೀ ಅಕ್ಕಾರ. ನಾ ಆಕಾಶವಾಣಿಯೊಳಗ ಭಾಳ ವರ್ಷ ತಾತ್ಕಾಲಿಕ ಉದ್ಘೋಷಕಿ ಆಗಿದ್ದಾಕಿ. ಯಾವ ನಿಲಯ ಅಂತ ಹೇಳೂದಿಲ್ಲ, ಇನ್ನೂ ಪರಿಚಯದವರು ಅದಾರ ಅಲ್ಲೆ. ನಿಮ್ಮ ಪ್ರಶ್ನಿ ಓದಿ ಸುಮ್ನ ಕುಂದ್ರಾಕ ಆಗಲಿಲ್ಲ, ಅದಕ್ಕ ಉದ್ದ ಬರೀತೀನಿ.

ಮೊದಲನೇದು, ‘ಮಹಿಳೆಯರಿಗಾಗಿ’ ಅಂತ ಹುಡುಕೂದು ಬಿಡ್ರಿ. ನಮ್ಮಲ್ಲಿ ಮಹಿಳಾ ಕಾರ್ಯಕ್ರಮಕ್ಕ ಅರ್ಧ ತಾಸು ಇರ್ತಿತ್ತು. ಒಂದು ಅಡಿಗಿ, ಒಂದು ಭಾವಗೀತೆ, ಲಸಿಕಿ ಬಗ್ಗೆ ಒಬ್ಬರು ಡಾಕ್ಟರ ಮಾತು. ‘ಛಲೋ ಆತು, ಇನ್ನೊಮ್ಮೆ ಹಾಕ್ರಿ’ ಅಂತ ಪತ್ರ ಬರ್ತಿದ್ವು, ನಾವೂ ಖುಷಿ ಪಡ್ತಿದ್ವಿ. ಆದ್ರ ಬಾಜೂಕ ಕೃಷಿ ವಿಭಾಗದ ಟೇಬಲ್ಲಿಗೆ ಬರ್ತಿದ್ವಲ್ಲ, ಆ ಪತ್ರ ಓದಬೇಕಿತ್ತು ನೀವು. ಕೆಳಗ ಗಂಡಸಿನ ಸಹಿ. ಒಳಗ ಏನದ? ‘ಎಮ್ಮಿ ಎರಡ ದಿನದಿಂದ ಮೇವು ಮುಟ್ಟವಲ್ದು, ಹಿಂಡಾಕ ಕುಂತ್ರ ಒದೀತದ, ಕೆಚ್ಚಲ ಬಿಸಿ ಅದ.’ ನಮ್ಮ ಕಡೆ ಎಮ್ಮಿ ಹಿಂಡೂದು ಯಾರು ಹೇಳ್ರಿ? ಸಹಿ ಯಜಮಾನಂದು, ಪ್ರಶ್ನಿ ಆಕೀದು. ಹೆಂಗಸರು ರೇಡಿಯೋದಾಗ ಏನ ಕೇಳ್ತಾರ ಅನ್ನೂದು ನಮಗ ನಮ್ಮ ಟೇಬಲ್ಲಿನ ಮ್ಯಾಲೆ ಗೊತ್ತಾಗಲಿಲ್ಲ, ಬಾಜೂಕಿನ ಟೇಬಲ್ಲಿನ ಮ್ಯಾಲೆ ಗೊತ್ತಾತು.

ಬಿಬಿಸಿಯವರದು ‘ವುಮನ್ಸ್ ಅವರ್’ ಅಂತ ಅದ. 1946ರ ಅಕ್ಟೋಬರ್ 7ಕ್ಕ ಮಧ್ಯಾಹ್ನ 2 ಗಂಟೆಗೆ ಶುರು ಆತು, ಇವತ್ತಿಗೂ ನಡದದ, ಪಾಡ್‌ಕಾಸ್ಟ್ ಆಗೂ ಸಿಗ್ತದ. ಅದನ್ನ ಮೊದಲು ನಡಸಿಕೊಟ್ಟಾತ ಯಾರು ಗೊತ್ತೇನು? ಅಲನ್ ಐವಿಮಿ ಅಂತ ಒಬ್ಬ ಗಂಡಸು! ಹೆಂಗಸರ ತಾಸು ಅಂತ ಹೆಸರಿಟ್ಟು, ಹೆಂಗಸರಿಗೆ ಏನ ಬೇಕು ಅಂತ ಹೇಳಾಕ ಗಂಡಸನ್ನ ಕುಂಡ್ರಿಸಿದ್ರು. ಮುಂದ ಕಾರ್ಯಕ್ರಮ ಹೆಂಗಸರ ಕೈಗೆ ಬಂತು, ಭಾಳ ಛಲೋ ಆತು, ಅದು ಬ್ಯಾರೆ ಮಾತು. ಹೆಸರು ನೋಡಿ ಆರಿಸಬ್ಯಾಡ್ರಿ ಅನ್ನಾಕ ಹೇಳಿದೆ.

ಎರಡನೇದು. ಎಲ್ಲಾರಿಗೂ ಒಪ್ಪೂದನ್ನ ಹುಡುಕಬ್ಯಾಡ್ರಿ. ಎಲ್ಲಾರಿಗೂ ಅಷ್ಟಿಷ್ಟು ಸೇರೂದು ಅಂದ್ರ ಯಾರಿಗೂ ಪೂರ್ತಿ ಸೇರದ್ದು. ಏಳು ಮಂದಿ, ಒಬ್ಬೊಬ್ಬರಿಗೆ ಪಾಳಿ ಹಚ್ಚಿಬಿಡ್ರಿ. ಇವತ್ತು ದೊಡ್ಡತ್ತೀದು ಅಂದ್ರ ಇವತ್ತು ತಾಳಮದ್ದಳಿ, ಯಾರೂ ಮುಖ ಕಿವಚಬಾರದು. ಉಳಿದವರಿಗೆ ಒಂದ ಹಕ್ಕು: ಕಾಲು ತಾಸು ಕೇಳಿದ ಮ್ಯಾಲೆ ನಾಲ್ಕು ಮಂದಿ ಬ್ಯಾಡ ಅಂದ್ರ ಬಂದ್. ಕಾಲು ತಾಸಿನ ಒಳಗ ಬಾಯಿ ತಗಿಯೂ ಹಂಗಿಲ್ಲ. ಇದನ್ನ ಯಾಕ ಹೇಳ್ತೀನಿ ಅಂದ್ರ, ತನಗ ಸೇರದ ವಿಷಯದಾಗ ಒಬ್ಬಾಕಿ ಸಿಕ್ಕಿಹಾಕಿಕೊಳ್ಳೂದು ಯಾವಾಗಲೂ ಹತ್ತನೇ ನಿಮಿಷದ ಮ್ಯಾಲೇನ. ಶೇರು ಮಾರ್ಕೆಟ್ಟಿನ ಮಾತಿನಾಗ ಯಾರೋ ತಮ್ಮ ಅವ್ವ ಬಂಗಾರ ಅಡವಿಟ್ಟ ಕತಿ ಹೇಳಾಕ ಶುರು ಮಾಡ್ತಾರ, ಅಲ್ಲೀತನಕ ಆಕಳಿಸಿದಾಕಿ ಲಟ್ಟಣಗಿ ಹಿಡದು ಕಿವಿ ನಿಮಿರಸ್ತಾಳ.

ಮೂರನೇದು ನೀವು ಕೇಳೇ ಇಲ್ಲ, ಆದ್ರ ಅದ ಮುಖ್ಯ. ಯಾವ ಕೆಲಸದ ಹೊತ್ತಿಗೆ ಯಾವುದು ಅನ್ನೂದು. ಹಲಸಿನ ಹಪ್ಪಳ ನಮ್ಮ ಕಡೆ ಇಲ್ಲ, ನಮ್ಮ ಸೊಸಿ ಶಿರಸಿಯಾಕಿ, ಆಕೀನ್ನ ಕೇಳಿ ಬರೀತೀನಿ. ಸೊಳಿ ಬಿಡಿಸೂ ಮುಂದ ಎಲ್ಲಾರ ಕೈಗೂ ಎಣ್ಣಿ, ಬಾಯಿಗೆ ಮಾತು. ಆಗ ನಡುವ ಬಿಟ್ಟು ನಡುವ ಕೇಳಿದ್ರೂ ನಡಿಯೂವಂಥಾದ್ದು ಹಾಕ್ರಿ, ಹರಟಿ, ಸಂದರ್ಶನ, ಆರೋಗ್ಯ. ನಡುವ ಬಂದ್ ಮಾಡಿ ‘ಏ, ಇದು ಖರೆ ಏನ?’ ಅಂತ ಟೀಚರ್ ಅವರನ್ನ ಕೇಳಾಕೂ ಬರ್ತದ. ರುಬ್ಬೂ ಮುಂದ ಪೂರ್ತಿ ಬಂದ್. ಗ್ರೈಂಡರ್ ಸಪ್ಪಳದ ಮ್ಯಾಲೆ ವಾಲ್ಯೂಮ್ ಏರಿಸಿದ್ರ ಕಿವಿಗೂ ತ್ರಾಸು, ಮಾತೂ ತಿಳಿಯೂದಿಲ್ಲ. ಉಂಡಿ ಮಾಡಿ ಒತ್ತಾಕ ಕುಂತ್ರಿ ಅಂದ್ರ ಮಾತು ತಾನ ಕಡಿಮಿ ಆಗ್ತದಂತ, ಕೈಗೊಂದು ಲಯ ಸಿಗ್ತದ. ಅದ ಕತಿಯ ಹೊತ್ತು. ಎಳಿ ಹಿಡದು ಕೇಳಬೇಕಾದ್ದನ್ನ ಅಲ್ಲಿಗೆ ಇಡ್ರಿ: ಕೊಲಿ ಕೇಸು, ತಾಳಮದ್ದಳಿ, ಸಣ್ಣ ಕತಿ. ಕನ್ನಡದ ಸಣ್ಣ ಕತಿಗಳನ್ನ ಓದಿ ಹೇಳೂ ‘ಕೇಳಿರೊಂದು ಕಥೆಯ’ ಅನ್ನೂ ಪಾಡ್‌ಕಾಸ್ಟ್ ಅದ, ಅಲ್ಲಿಂದ ಶುರು ಮಾಡ್ರಿ.

ಇನ್ನ ಒಬ್ಬೊಬ್ಬರದು.

ದೊಡ್ಡತ್ತಿಗೆ: ಮಂಗಳೂರು ಆಕಾಶವಾಣಿಯವರು ಯಕ್ಷಗಾನ, ತಾಳಮದ್ದಳಿ ಹಾಕ್ತಾರ, ‘ನ್ಯೂಸ್ ಆನ್ ಏರ್’ ಆ್ಯಪಿನಾಗ ಯಾವ ಊರಾಗ ಕುಂತ್ರೂ ಬೇರೆ ನಿಲಯ ಹಚ್ಚಬಹುದು. ಯೂಟ್ಯೂಬಿನಾಗಂತೂ ತಾಳಮದ್ದಳಿ ರಾಶಿ ಬಿದ್ದದ. ಪರೀಕ್ಷಾಕ್ಕ ಓದೂ ಹುಡುಗಿ ಬಾಜೂ ಕುಂತು ಕೇಳಲಿ. ಬಾಣ ಬಿದ್ದ ವಾಲಿ ರಾಮನ್ನ ಪ್ರಶ್ನಿ ಮಾಡೂ ಭಾಗ ಹಚ್ಚಿಕೊಡ್ರಿ. ಮರಿ ನಿಂತು ಹೊಡದಿ, ನಿನಗೂ ನನಗೂ ಏನ ವೈರ, ಇದು ಯಾವ ಧರ್ಮ ಅಂತ ಒಂದೊಂದ ಕೇಳ್ತಾನ, ರಾಮ ಒಂದೊಂದಕ್ಕ ಉತ್ತರ ಕೊಡ್ತಾನ. ಇಂಟರ್‌ವ್ಯೂಕ ಹೋಗೂ ಮುಂಚೆ ಇದಕ್ಕಿಂತ ಛಲೋ ತಯಾರಿ ಯಾವ ಕೋಚಿಂಗಿನಾಗೂ ಇಲ್ಲ. ಅರ್ಥ ಆಗದಿದ್ರ ನಿಲ್ಲಿಸಿ ದೊಡ್ಡತ್ತಿನ್ನ ಕೇಳ್ರಿ, ಅವರು ಹೇಳಾಕ ಹತ್ತಿದ್ರ ಸ್ಪೀಕರ್ ಮತ್ತ ಹಚ್ಚೂ ಅವಶ್ಯ ಬೀಳಲಿಕ್ಕಿಲ್ಲ.

ನಾದಿನಿಯವರಿಗೆ: ರೊಕ್ಕದ ಮಾತು ಕೇಳೂ ಮುಂದ ಒಂದ ನೋಡ್ರಿ. ‘ಹಣದುಬ್ಬರ ಅಂದ್ರೇನು, ಎಸ್‌ಐಪಿ ಹೆಂಗ ನಡೀತದ’ ಅಂತ ತಿಳಿಸಿ ಹೇಳಿದ್ರ ಕೇಳ್ರಿ. ‘ಈ ಕಂಪನಿ ಶೇರು ಇವತ್ತ ತಗೊಳ್ರಿ’ ಅಂದ್ರ ಅದು ಸಲಹಾ ಆತು. ರೊಕ್ಕ ತಗೊಂಡು ಹಂಗ ಸಲಹಾ ಕೊಡಾಕ ಸೆಬಿ (ಶೇರು ಮಾರ್ಕೆಟ್ಟಿನ ಮ್ಯಾಲೆ ಕಣ್ಣಿಡೂ ಸರಕಾರಿ ಸಂಸ್ಥಾ) ನೋಂದಣಿ ಬೇಕು, ನೋಂದಣಿ ನಂಬರ್ ಹೇಳದ ವಾಟ್ಸಾಪ್ ಗುಂಪಿಗೆ ಕರದ್ರ ಅಲ್ಲೇ ಬಂದ್ ಮಾಡ್ರಿ. ಸಂಘದ ರೊಕ್ಕ ಕೈಯಾಗ ಇದ್ದಾಕಿ ಆಕಿ, ಅದಕ್ಕ ಒತ್ತಿ ಹೇಳ್ತೀನಿ.

ಟೀಚರ್ ಅವರಿಗೂ ಇದ ಜರಡಿ. ಮಾತಾಡೂ ಡಾಕ್ಟರ ಹೆಸರು, ಓದಿದ್ದು, ಎಲ್ಲಿ ಕೆಲಸ ಅಂತ ಮೊದಲ ಹೇಳ್ತಾರೋ ಇಲ್ಲೋ. ಕಡೀಗೆ ಒಂದು ಪುಡಿ ಡಬ್ಬಿ ಮಾರಾಟಕ್ಕ ಬಂತೋ, ಹಿಂದ ಹೇಳಿದ್ದೆಲ್ಲಾ ಜಾಹೀರಾತು ಅಂತ ತಿಳೀರಿ. ಸಕ್ಕರಿ ಗುಳಿಗಿ ಬಿಡ್ರಿ ಅಂದವರನ್ನ ಎರಡನೇ ಸಲ ಮನಿಯೊಳಗ ತಗೋಬ್ಯಾಡ್ರಿ.

ತ್ವಾಟದಾಕಿಗೆ ಪಾಡ್‌ಕಾಸ್ಟಿಗಿಂತ ರೇಡಿಯೋನ ಛಲೋ. ಭದ್ರಾವತಿ ನಿಲಯ ನಿಮಗ ಹತ್ತಿರದ್ದು, ಕೃಷಿ ಕಾರ್ಯಕ್ರಮ ನಿಮ್ಮ ಅಡಕಿ, ನಿಮ್ಮ ಮಳಿ ಬಗ್ಗೆ ಮಾತಾಡ್ತದ. ಎಲೆಚುಕ್ಕಿಗೆ ಯಾವ ಔಷಧ, ಯಾವಾಗ ಹೊಡೀಬೇಕು ಅನ್ನೂದನ್ನ ಅಮೆರಿಕದವರು ಹೇಳಿಕೊಡೂದಿಲ್ಲ. ಪ್ರಶ್ನಿ ಬರದು ಕಳಸಲಿ, ಈ ಸಲ ತಮ್ಮ ಹೆಸರಿನಾಗ.

ಮತ್ತ ಕಡೀ ಮಾತು, ಇದು ಬರೇ ಮೈಕಿನ ಮುಂದ ಕುಂತಾಕಿಯ ಹಟ ಅಂತ ಇಟಗೊಳ್ರಿ. ಧ್ವನಿ ನೋಡಿ ಆರಸ್ರಿ. ಮಾಡಿನಾಗ ಏಳು ಮಂದಿ, ಪಾತ್ರಿ ಸಪ್ಪಳ, ಸಣ್ಣ ಸ್ಪೀಕರು. ಇಬ್ಬರು ಒಟ್ಟಿಗೆ ಮಾತಾಡಿ ಒಟ್ಟಿಗೆ ನಗೂ ಕಾರ್ಯಕ್ರಮ ಅಲ್ಲಿ ಬರೇ ಗದ್ದಲ. ಮೈಕಿಗೆ ಹತ್ತಿರ ಕುಂತು ಒಬ್ಬಾಕಿ ಒಬ್ಬಾಕಿಗೇ ಹೇಳಿದಂಗ ಮಾತಾಡಿದ್ದು ಬೇಕು. ಪ್ರಶ್ನಿ ಕೇಳಿದಾತ ಉತ್ತರ ಮುಗಿಯೂತನಕ ಬಾಯಿ ಮುಚ್ಚಿರ್ತಾನೋ ಇಲ್ಲೋ ನೋಡ್ರಿ. ‘ಇಲ್ಲಿ ಸ್ಕ್ರೀನಿನ ಮ್ಯಾಲೆ ನೋಡ್ರಿ’ ಅನ್ನೂವು ವಿಡಿಯೋಕ್ಕ ಮಾಡಿದ್ದು, ಹಿಟ್ಟಿನ ಕೈಯಾಕಿಗೆ ಉಪಯೋಗಿಲ್ಲ.

---

ಬೀಡಿಸೂಪು (ಪುತ್ತೂರು):

ಮೇಲಿನ ಅಕ್ಕ ಹೇಳಿದ ‘ಪಾಳಿ’ ಓದಿ ನನಗೆ ನಮ್ಮ ಅಜ್ಜಿಯ ಜಗಲಿ ನೆನಪಾಯಿತು ಮಾರಾಯ್ರೆ. ನಮ್ಮಲ್ಲಿ ಬೀಡಿ ಕಟ್ಟುವುದು ಮನೆಮನೆಯ ಹೆಂಗಸರ ಕೆಲಸ. ಅಕ್ಕಪಕ್ಕದವರು ಸೂಪು (ಬೀಡಿ ಕಟ್ಟಲು ಮಡಿಲಲ್ಲಿ ಇಟ್ಟುಕೊಳ್ಳುವ ಮೊರ) ಹಿಡಿದುಕೊಂಡು ಒಂದೇ ಜಗಲಿಗೆ ಬರುತ್ತಿದ್ದರು, ಯಾಕೆಂದರೆ ರೇಡಿಯೋ ಇದ್ದದ್ದು ಒಂದೇ ಮನೆಯಲ್ಲಿ. ಚಿತ್ರಗೀತೆ, ತುಳು ಕಾರ್ಯಕ್ರಮ, ವಾರ್ತೆ, ಏನು ಬಂತೋ ಅದು. ಆರಿಸುವ ಹಕ್ಕು ಯಾರಿಗೂ ಇರಲಿಲ್ಲ, ಆದ ಕಾರಣ ಜಗಳವೂ ಇರಲಿಲ್ಲ. ವಾರ್ತೆ ಮುಗಿದ ಕೂಡಲೇ ಅಜ್ಜಿ ಅದರ ಮೇಲೆ ತನ್ನದೊಂದು ವಾರ್ತೆ ಓದುತ್ತಿದ್ದರು, ಅದಕ್ಕೆ ಕೇಳುಗರು ಜಾಸ್ತಿ.

ಇನ್ನೊಂದು ವಿಷಯ. ಗಡಿಯ ಆಚೆ ಕಣ್ಣೂರು ಕಡೆ ಬೀಡಿ ಶೆಡ್ಡುಗಳಲ್ಲಿ ಒಬ್ಬರು ಪೇಪರ್ ಗಟ್ಟಿಯಾಗಿ ಓದುವುದು, ಉಳಿದವರು ಕಟ್ಟುವುದು ಅಂತ ಒಂದು ಕ್ರಮ ಇತ್ತು. ಓದುವವರ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿಕೊಡುವುದು. 1969ರಲ್ಲಿ ಶುರುವಾದ ದಿನೇಶ್ ಬೀಡಿ ಸಹಕಾರ ಸಂಘದ ಶೆಡ್ಡುಗಳಲ್ಲಿಯೂ ಈ ಓದು ಉಂಟಿತ್ತು. ಇದರ ಅಜ್ಜ ಅಂದರೆ ಕ್ಯೂಬಾದ ಚುರುಟು ಕಾರ್ಖಾನೆ. ಹವಾನಾದಲ್ಲಿ 1865ರಿಂದ ‘ಲೆಕ್ತೋರ್’ ಅಂತ ಒಬ್ಬರು ಎತ್ತರದ ಪೀಠದಲ್ಲಿ ಕೂತು ಬೆಳಿಗ್ಗೆ ಪೇಪರು, ಮಧ್ಯಾಹ್ನ ಕಾದಂಬರಿ ಓದುತ್ತಿದ್ದರು. ಸಂಬಳ ಕೊಡುತ್ತಿದ್ದದ್ದು ಧಣಿ ಅಲ್ಲ, ಕೆಲಸದವರೇ ಚಂದಾ ಎತ್ತಿ. ಮುಂದಿನ ಕಾದಂಬರಿ ಯಾವುದು ಅಂತ ಅವರವರೇ ಓಟು ಹಾಕಿ ತೀರ್ಮಾನ! ಅಮೆರಿಕದ ಟ್ಯಾಂಪಾದಲ್ಲಿ ಧಣಿಗಳು 1931ರಲ್ಲಿ ಓದುವವರನ್ನು ತೆಗೆದು ಹಾಕಿದರು, ಆಮೇಲೆ ಆ ಜಾಗಕ್ಕೆ ರೇಡಿಯೋ ಬಂತು.

ಹಾಗಾಗಿ ನೀವು ಏಳು ಜನ ಓಟು ಹಾಕುವುದು ಹೊಸತೇನಲ್ಲ. ನನ್ನದೊಂದು ತಿದ್ದುಪಡಿ: ದಿನದ ಪಾಳಿ ಬೇಡ, ಕತೆ ಅರ್ಧಕ್ಕೆ ನಿಂತರೆ ಮರುದಿನ ಇನ್ನೊಬ್ಬರ ಸರದಿ ಅಂತ ಏಳು ದಿನ ಕಾಯಬೇಕಾಗುತ್ತದೆ. ಸರಣಿ ಮುಗಿಯುವವರೆಗೆ ಒತ್ತುವ ಹೊತ್ತು ಅದಕ್ಕೇ ಇರಲಿ, ಸೊಳೆ ಬಿಡಿಸುವ ಹೊತ್ತಿನಲ್ಲಿ ಮಾತ್ರ ಪಾಳಿ.

---

ಗಾಳಿಗುಡ್ಡ:

ಇಷ್ಟೆಲ್ಲ ಯಾಕ್ರೀ? ಹಳೇ ಹಾಡು ಹಾಕಿ. ಹೆಂಗಸರು ಕೆಲಸ ಮಾಡೋವಾಗ ಹಾಡೇ ಚಂದ.

---

ನೇರಳೆ_ಮಾರ್ಗ:

@ಗಾಳಿಗುಡ್ಡ, ಇಲ್ನೋಡಿ, 1946 ಇನ್ನೂ ಮುಗಿದಿಲ್ಲ 😄

---

ರಾತ್ರಿಪಾಳಿ_ನರ್ಸ್ (ಊರು ಹಾಸನ, ಈಗ ಇಂಗ್ಲೆಂಡ್):

ಎಲ್ಲರೂ ಕನ್ನಡ ಬೇಕು ಅಂದಿದ್ದಕ್ಕೆ ಇಂಗ್ಲಿಷನ್ನ ಪಕ್ಕಕ್ಕೆ ಇಟ್ಟುಬಿಟ್ರಿ. ಆ ಪರೀಕ್ಷೆ ಹುಡುಗಿ ಇದ್ದಾಳಲ್ಲ, ಅವಳ ಕೈಗೆ ಕೊಡಿ. ರಾತ್ರಿ ಅವಳು ಇಯರ್‌ಫೋನಲ್ಲಿ ಇಂಗ್ಲಿಷ್ ಕಂತು ಕೇಳಲಿ, ಬೆಳಿಗ್ಗೆ ನಿಮಗೆಲ್ಲ ಕನ್ನಡದಲ್ಲಿ ಹೇಳಲಿ. ಇಲ್ಲಿಗೆ ಬಂದ ಹೊಸದರಲ್ಲಿ ನನ್ನ ಇಂಗ್ಲಿಷ್ ತಿದ್ದಿದ್ದೇ ಈ ಕೆಲಸ. ಬಸ್ಸಲ್ಲಿ ಕೇಳೋದು, ಮನೆಗೆ ಬಂದು ಫೋನಲ್ಲಿ ಅಮ್ಮಂಗೆ ಹಾಸನದ ಕನ್ನಡದಲ್ಲಿ ಹೇಳೋದು. ಅಮ್ಮ ‘ಆಮೇಲೆ?’ ಅಂದ್ರೆ ನನಗೆ ಅರ್ಥ ಆಗಿದೆ ಅಂತ. ‘ಅದ್ಹೆಂಗೆ?’ ಅಂದ್ರೆ ಇನ್ನೊಂದ್ಸಲ ಕೇಳ್ಬೇಕು ಅಂತ.

ಅವಳಿಗೆ ಒಂದೇ ಒಂದು ಹೇಳು ಅಂದ್ರೆ ‘ದಿ ರಿಟ್ರೀವಲ್ಸ್’. 2023ರದ್ದು, ಮೊದಲ ಸರಣಿ 5 ಕಂತು, ‘ಸೀರಿಯಲ್’ ಮಾಡಿದ ತಂಡದ್ದೇ, ಸೂಸನ್ ಬರ್ಟನ್ ಅನ್ನೋರು ಹೇಳ್ತಾರೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಬಂಜೆತನ ಚಿಕಿತ್ಸೆಯ ಕ್ಲಿನಿಕ್ಕಲ್ಲಿ ಅಂಡಾಣು ತೆಗೆಯೋವಾಗ ಕೊಡಬೇಕಿದ್ದ ಫೆಂಟನಿಲ್ ಅನ್ನೋ ನೋವಿನ ಔಷಧವನ್ನ ಒಬ್ಬ ನರ್ಸ್ ಕದ್ದು, ಬಾಟಲಿಗೆ ಬರೀ ಸಲೈನ್ (ಉಪ್ಪುನೀರು) ತುಂಬಿ ಇಡ್ತಿದ್ದಳು. ಹೆಂಗಸರು ಮೇಜಿನ ಮೇಲೆ ನೋವು ನೋವು ಅಂತ ಹೇಳಿದ್ರು. ಔಷಧ ಕೊಟ್ಟಾಗಿದೆ, ಇನ್ನೇನು ಅಂದ್ರು. ಕದ್ದ ನರ್ಸಿನ ಕತೆಗಿಂತ, ಅಷ್ಟು ಜನ ಹೇಳಿದ್ರೂ ಯಾಕೆ ಯಾರೂ ನಂಬಲಿಲ್ಲ ಅನ್ನೋದೇ ಅದರಲ್ಲಿ ದೊಡ್ಡದು. ನಾನೂ ನರ್ಸೇ, ಎರಡನೇ ಕಂತು ಕೇಳಿ ಮುಂದಿನ ಡ್ಯೂಟಿಗೆ ಹೋದಾಗ ನೋವು ಎಷ್ಟಿದೆ ಅಂತ ಕೇಳೋ ನನ್ನ ಧಾಟಿಯೇ ಬೇರೆ ಆಗಿತ್ತು.

ನಿಮ್ಮ ಗುಂಪಲ್ಲಿ ಇದು ಎಷ್ಟು ಜನಕ್ಕೆ ತಾಗತ್ತೆ ನೋಡಿ. ಕೋರ್ಟು ಬೇಕಾದವರಿಗೆ ಕೋರ್ಟಿದೆ, ಆರೋಗ್ಯ ಬೇಕಾದವರಿಗೆ ಆಸ್ಪತ್ರೆ ಇದೆ, ಹೆರಿಗೆ ನೋವು ತಿಂದವರು ಎಷ್ಟು ಜನ ಇದ್ದೀರೋ ಎಲ್ಲರ ಹತ್ರವೂ ಒಂದೊಂದು ಮಾತಿರತ್ತೆ. ಒಂದು ಎಚ್ಚರ: ಮಕ್ಕಳಿಲ್ಲದವರು, ಆ ಚಿಕಿತ್ಸೆಯಲ್ಲಿ ಇರೋರು ಯಾರಾದ್ರೂ ಆ ಏಳು ಜನದಲ್ಲಿದ್ರೆ ಮೊದಲು ಅವರನ್ನ ಬೇರೆ ಕರೆದು ಕೇಳಿ. ಬೇಡ ಅಂದ್ರೆ ಬೇಡ, ನಾಲ್ಕು ಓಟಿನ ಲೆಕ್ಕ ಅಲ್ಲಿ ನಡೆಯಲ್ಲ.

ಕೊಲೆ ಕತೆಗಳಿಗೂ ಇದೇ. ಸತ್ತವಳು ಒಬ್ಬ ಮನುಷ್ಯಳು ಅನ್ನೋದನ್ನ ಮರೆತು ಚಾಕು ಎಷ್ಟು ಸಲ ಅಂತ ಎಣಿಸೋವು ಬಹಳ ಇವೆ, ಯೂಟ್ಯೂಬ್ ಕನ್ನಡದಲ್ಲೂ. ತನಿಖೆ, ಸಾಕ್ಷಿ, ಕೋರ್ಟಲ್ಲಿ ಏನಾಯ್ತು ಅಂತ ಹೇಳೋದನ್ನ ಆರಿಸಿ. ಸ್ಕೂಲಿಂದ ಮಕ್ಕಳು ಬರೋ ಹೊತ್ತಿಗೆ ಅದು ಬಂದ್ ಆಗಿರಲಿ.

ಇನ್ನು ಮಗು ದತ್ತು ತಗೊಳ್ಳೋ ವಿಷಯ ಯಾರಿಗಾದ್ರೂ ಬೇಕಿದ್ರೆ ‘ಸುನೋ ಇಂಡಿಯಾ’ದವರ ‘ಡಿಯರ್ ಪರಿ’ ಇದೆ, ನಮ್ಮ ದೇಶದ್ದೇ. ಹಾಗೇ ಹೇಳಿದೆ.

---

ನೇರಳೆ_ಮಾರ್ಗ:

ರಾತ್ರಿಪಾಳಿ ಅಕ್ಕ, ಮರುಹೇಳುವ ಐಡಿಯಾ ಸೂಪರ್. ಇಯರ್‌ಫೋನ್ ವಿಷಯ ನಾನು ವಾಪಸ್ ತಗೊಂಡೆ.

ಟೆಕ್ನಿಕಲ್ ಕೆಲಸ ನನ್ನದು. ಗೂಗಲ್ ಪಾಡ್‌ಕಾಸ್ಟ್ಸ್ ಆ್ಯಪ್ 2024ರಲ್ಲೇ ಮುಚ್ಚಿತು, ಹಳೇ ಲೇಖನ ನೋಡ್ಕೊಂಡು ಅದನ್ನ ಹುಡುಕಬೇಡಿ. ಆಂಡ್ರಾಯ್ಡ್ ಫೋನಾದ್ರೆ ‘ಆಂಟೆನಾಪಾಡ್’ ಹಾಕಿ. ದುಡ್ಡಿಲ್ಲ, ಆ್ಯಪಿನದೇ ಜಾಹೀರಾತೂ ಇಲ್ಲ, ಲಾಗಿನ್ ಕೂಡ ಕೇಳಲ್ಲ. ಹಳ್ಳಿಲಿ ನೆಟ್‌ವರ್ಕ್ ಹೇಗೋ ಏನೋ, ಹಿಂದಿನ ರಾತ್ರಿ ವೈಫೈ ಇರೋ ಕಡೆ ಡೌನ್‌ಲೋಡ್ ಮಾಡಿ ಇಟ್ಕೊಳ್ಳಿ. 128 ಕೆಬಿಪಿಎಸ್‌ನ ಫೈಲು (ಆ ನಂಬರ್ ಧ್ವನಿಯ ಗುಣಮಟ್ಟದ್ದು) ಗಂಟೆಗೆ ಸುಮಾರು 58 ಎಂಬಿ, 64ರದ್ದಾದ್ರೆ ಅದರ ಅರ್ಧ. ಬರೀ ಮಾತಿಗೆ 64 ಸಾಕು. ಯೂಟ್ಯೂಬಲ್ಲಿ ತಾಳಮದ್ದಳೆ ಹಾಕಿದ್ರೆ ಸ್ಕ್ರೀನ್ ಆರಿಸಿದ ತಕ್ಷಣ ನಿಲ್ಲತ್ತೆ, ದುಡ್ಡು ಕಟ್ಟಿದವರಿಗೆ ಮಾತ್ರ ನಡೆಯತ್ತೆ. ಹಾಗಾಗಿ ಅದಕ್ಕೊಂದು ಹಳೇ ಫೋನ್ ಚಾರ್ಜಿಗೆ ಹಾಕಿ ದೂರ ಇಡಿ, ಯಾರ ಹಿಟ್ಟಿನ ಕೈಯೂ ಸಿಗದಷ್ಟು ದೂರ.

ಪ್ಲೇ ಮಾಡೋ ವೇಗ 1.5 ಮಾಡಬೇಡಿ ಪ್ಲೀಸ್. ನಾನು ಮಾಡ್ತೀನಿ, ನೀವು ಮಾಡಬೇಡಿ.

---

ಸೊಳೆಹಪ್ಪಳ_ಸಾಗರ:

ಎಲ್ಲರ ಉತ್ತರವನ್ನೂ ಇವತ್ತು ಸೊಳೆ ಬಿಡಿಸುವಾಗ ಗಟ್ಟಿಯಾಗಿ ಓದಿ ಹೇಳಿದೆ. ಧಾರವಾಡದ ಅಕ್ಕನ ಎಮ್ಮೆ ಪತ್ರಕ್ಕೆ ತೋಟದವರು ಎಷ್ಟು ನಕ್ಕರು ಅಂದರೆ, ಅವರ ಪಂಪ್‌ಸೆಟ್ಟಿನ ಅರ್ಜಿಯಲ್ಲೂ ಹೀಗೇ ಆಗಿದೆಯಂತೆ. ಭದ್ರಾವತಿಗೆ ಕಾಗದ ಬರೆಯುತ್ತೇನೆ ಅಂದಿದ್ದಾರೆ. ತಾವೇ ಸಹಿ ಹಾಕುತ್ತಾರಂತೆ.

‘ರಿಟ್ರೀವಲ್ಸ್’ ವಿಷಯ ನಾನು ಒಬ್ಬರ ಹತ್ತಿರ ಬೇರೆಯಾಗಿ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಕೇಳುವಾ, ಆದರೆ ನಾನು ಎದ್ದು ಹೋದರೆ ಯಾರೂ ಹಿಂದೆ ಬರಬೇಡಿ’ ಅಂದರು. ಹುಡುಗಿ ಮೊದಲ ಕಂತು ಡೌನ್‌ಲೋಡ್ ಮಾಡಿಕೊಂಡಿದ್ದಾಳೆ. ನಾಳೆ ಒತ್ತುವ ಹೊತ್ತಿಗೆ ಹೇಳ್ತಾಳೆ.

ಈಗ ಇರುವ ಒಂದೇ ಜಗಳ ದೊಡ್ಡತ್ತೆಯದು. ಕಾಲು ಗಂಟೆ ನಿಯಮಕ್ಕೆ ಅವರು ಒಪ್ಪುವುದಿಲ್ಲ. ಭಾಗವತರು ಪದ ಹೇಳಿ ಮುಗಿಸುವುದಕ್ಕೇ ಅಷ್ಟು ಹೊತ್ತು ಬೇಕು, ಪಾತ್ರದ ಮಾತಾಡುವ ಅರ್ಥಧಾರಿ ಬಾಯಿ ತೆರೆಯುವ ಮೊದಲು ಓಟು ಹಾಕುವುದು ಯಾವ ಧರ್ಮ ಅಂತ ಕೇಳ್ತಿದ್ದಾರೆ. ಏನು ಮಾಡಲಿ?

---

ಮೈಕಿನ_ಮುಂದ:

ಅವರಿಗೆ ಮುಕ್ಕಾಲು ತಾಸು ಕೊಡ್ರಿ. ಉಳಿದವರಿಗೆ ಕಾಲು ತಾಸು ಇರಲಿ. ವಾಲಿ ಹಂಗ ಕೇಳಾಕ ಹತ್ಯಾರ, ಉತ್ತರ ಹೇಳಾಕ ನಿಮ್ಮಲ್ಲಿ ರಾಮ ಯಾರೂ ಇಲ್ಲ.